ಕೋಟ್ಯಧಿಪತಿಗಳ ಯಾಟ್‌ನಲ್ಲಿ ಕೆಲಸ: ಸಿಗುವುದೇನು, ಬಿಟ್ಟುಕೊಡಬೇಕಾದ್ದೇನು

ಫ್ರಾನ್ಸ್‌ನ ದಕ್ಷಿಣ ತೀರದಲ್ಲಿ, ಕಾನ್ ಮತ್ತು ನೀಸ್ ನಡುವೆ, ಆಂಟೀಬ್ ಅಂತ ಒಂದು ಹಳೆಯ ಊರಿದೆ. ಅಲ್ಲಿನ ಪೋರ್ಟ್ ವೊಬಾನ್ ಬಂದರಿನಲ್ಲಿ ದೊಡ್ಡ ದೊಡ್ಡ ಯಾಟ್‌ಗಳು, ಅಂದರೆ ಶ್ರೀಮಂತರ ಐಷಾರಾಮಿ ವಿಹಾರ ಹಡಗುಗಳು, ನಿಲ್ಲುವ ದಕ್ಕೆಯನ್ನು ಜನ ಶತಕೋಟ್ಯಧಿಪತಿಗಳ ದಕ್ಕೆ ಅಂತಲೇ ಕರೆಯುತ್ತಾರೆ. ಪ್ರತಿ ವರ್ಷ ಮಾರ್ಚ್, ಏಪ್ರಿಲ್ ಹೊತ್ತಿಗೆ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಬ್ಯಾಗ್ ಹೊತ್ತು ಈ ಊರಿಗೆ ಬಂದಿಳಿಯುತ್ತಾರೆ. ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯವರು ಜಾಸ್ತಿ. ಬೆಳಗ್ಗೆ ಬೇಗ ಎದ್ದು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಬಯೋಡೇಟಾ ಕೈಯಲ್ಲಿ ಹಿಡಿದು, ಒಂದೊಂದೇ ಯಾಟ್ ಮುಂದೆ ನಿಂತು ಕೆಲಸ ಇದೆಯಾ ಅಂತ ಕೇಳುತ್ತಾರೆ. ಇದಕ್ಕೆ ಡಾಕ್‌ವಾಕಿಂಗ್ ಅನ್ನುತ್ತಾರೆ. ಸ್ಪೇನಿನ ಪಾಲ್ಮಾದಲ್ಲೂ ಇದೇ, ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನಲ್ಲೂ ಇದೇ.

ಈಗ ರೀಲ್ಸ್ ನೋಡಿ ನಮ್ಮ ಕಡೆಯವರಿಗೂ ಈ ಕೆಲಸದ ಬಗ್ಗೆ ಕುತೂಹಲ ಬಂದಿದೆ. ನೀಲಿ ನೀರು, ಬಿಳಿ ಹಡಗು, ಸಂಬಳ ಯುರೋದಲ್ಲಿ, ಇನ್ನೇನು ಬೇಕು ಅಂತ ಅನಿಸುವುದು ಸಹಜ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೂಡಿಡಲು ಗಟ್ಟಿ ಕಾರಣ ಇರುವವರಿಗೆ, ಇಲ್ಲವೇ ಹಡಗಿನ ಕೆಲಸವನ್ನೇ ಕಲಿತು ಮೇಲೆ ಹೋಗಬೇಕು ಅನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಪ್ರಪಂಚ ಸುತ್ತೋಣ ಅಂತ ಹೋಗುವವರಿಗೆ ಅಲ್ಲ. ಯಾಕೆ ಅಂತ ವಿವರವಾಗಿ ನೋಡೋಣ.

ಮೊದಲು ಒಂದು ಲೆಕ್ಕ ಗೊತ್ತಿರಬೇಕು. ಸಾಮಾನ್ಯವಾಗಿ 24 ಮೀಟರ್‌ಗಿಂತ ಉದ್ದ ಇದ್ದರೆ ಅದನ್ನು ಸೂಪರ್‌ಯಾಟ್ ಅನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಪಾಲಿಸುವ ಸುರಕ್ಷತಾ ನಿಯಮದ ಪ್ರಕಾರ 12ಕ್ಕಿಂತ ಜಾಸ್ತಿ ಅತಿಥಿಗಳನ್ನು ಹತ್ತಿಸಿಕೊಳ್ಳುವ ಹಾಗಿಲ್ಲ. 60 ಮೀಟರ್ ಉದ್ದದ ಯಾಟ್ ಆದರೂ ಅತಿಥಿಗಳು ಹನ್ನೆರಡೇ. ಅವರನ್ನು ನೋಡಿಕೊಳ್ಳುವವರು ಮಾತ್ರ ಹನ್ನೆರಡಕ್ಕಿಂತ ಜಾಸ್ತಿ ಇರಬಹುದು. ಸಾವಿರಾರು ಪ್ರಯಾಣಿಕರ ಕ್ರೂಸ್ ಹಡಗಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ನೀವು ಗುಂಪಿನಲ್ಲಿ ಒಬ್ಬರು. ಇಲ್ಲಿ ಯಜಮಾನರ ಹೆಂಡತಿ ಕಾಫಿಗೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ ಅನ್ನುವುದು ನಿಮಗೆ ಬಾಯಿಪಾಠ ಇರಬೇಕು.

ಇನ್ನು ದುಡ್ಡಿನ ವಿಷಯ. ಹೊಸದಾಗಿ ಸೇರುವ ಡೆಕ್‌ಹ್ಯಾಂಡ್ (ಹಡಗಿನ ಹೊರಭಾಗ ನೋಡಿಕೊಳ್ಳುವವರು) ಅಥವಾ ಸ್ಟೂವರ್ಡೆಸ್‌ಗೆ (ಒಳಗಿನ ಕೆಲಸ, ಅತಿಥಿ ಸೇವೆ ಮಾಡುವವರು) ತಿಂಗಳಿಗೆ ಹೆಚ್ಚುಕಡಿಮೆ 2,500ರಿಂದ 3,500 ಯುರೋ ಸಿಗುತ್ತದೆ. ಯುರೋಗೆ ನೂರು ರೂಪಾಯಿ ಅಂತ ಅಂದಾಜಿಗೆ ಹಿಡಿದರೆ ಎರಡೂವರೆಯಿಂದ ಮೂರೂವರೆ ಲಕ್ಷ. ದೊಡ್ಡ ಯಾಟ್‌ನ ಕ್ಯಾಪ್ಟನ್ ತಿಂಗಳಿಗೆ ಹತ್ತು ಸಾವಿರ ಯುರೋ ದಾಟುತ್ತಾರೆ. ಆದರೆ ಇಲ್ಲಿ ಸಂಬಳಕ್ಕಿಂತ ಮುಖ್ಯ ಇನ್ನೊಂದಿದೆ. ಖರ್ಚೇ ಇಲ್ಲ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಊಟ ಹಡಗಿನದ್ದು, ಯೂನಿಫಾರ್ಮ್ ಹಡಗಿನದ್ದು, ಎಷ್ಟೋ ಕಡೆ ಸೋಪು, ಶಾಂಪೂ, ಟೂತ್‌ಪೇಸ್ಟ್ ಕೂಡ ಹಡಗಿನದ್ದೇ. ಲಂಡನ್‌ನಲ್ಲಿ ಇಷ್ಟೇ ಸಂಬಳ ತೆಗೆದುಕೊಳ್ಳುವ ಹುಡುಗನ ದುಡ್ಡು ತಿಂಗಳ ಕೊನೆಗೆ ಮನೆ ಬಾಡಿಗೆಗೇ ಹೋಗಿರುತ್ತದೆ. ಇವರದು ಹಾಗೇ ಬ್ಯಾಂಕಿನಲ್ಲಿ ಕೂತಿರುತ್ತದೆ. ಬ್ರಿಟಿಷ್ ನಾವಿಕರಿಗಂತೂ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ದೇಶದ ಹೊರಗೆ ಇದ್ದರೆ ಆ ದುಡಿಮೆಗೆ ಆದಾಯ ತೆರಿಗೆಯಿಂದ ವಿನಾಯಿತಿ ಕೊಡುವ ಕಾನೂನೇ ಇದೆ.

ಇದರ ಮೇಲೆ ಟಿಪ್ಸ್. ಯಾಟ್‌ಗಳಲ್ಲಿ ಎರಡು ಬಗೆ. ಒಂದು ಪ್ರೈವೇಟ್, ಅಂದರೆ ಮಾಲೀಕರು ಮತ್ತು ಅವರ ಬಳಗ ಮಾತ್ರ ಬಳಸುವಂಥದ್ದು. ಇನ್ನೊಂದು ಚಾರ್ಟರ್, ಅಂದರೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಬಿಡುವಂಥದ್ದು. ಚಾರ್ಟರ್‌ನಲ್ಲಿ ವಾರದ ಕೊನೆಗೆ ಅತಿಥಿಗಳು ಟಿಪ್ಸ್ ಕೊಡುವ ರೂಢಿ ಇದೆ. ಮೆಡಿಟರೇನಿಯನ್ ಕಡೆ ಬಾಡಿಗೆಯ ಶೇ. 5ರಿಂದ 15, ಕೆರಿಬಿಯನ್ ಕಡೆ, ಅಮೆರಿಕನ್ನರಾದರೆ ಅದಕ್ಕೂ ಸ್ವಲ್ಪ ಜಾಸ್ತಿ. ಉದಾಹರಣೆಗೆ ವಾರಕ್ಕೆ ಎರಡು ಲಕ್ಷ ಯುರೋ ಬಾಡಿಗೆಯ ಯಾಟ್ ಅಂತ ಇಟ್ಟುಕೊಳ್ಳಿ. ಶೇ. 10 ಟಿಪ್ಸ್ ಅಂದರೆ 20,000 ಯುರೋ. ಹತ್ತು ಜನ ಸಿಬ್ಬಂದಿ ಸಮನಾಗಿ ಹಂಚಿಕೊಂಡರೆ ತಲೆಗೆ 2,000. ಒಂದು ವಾರಕ್ಕೆ! ಸೀಸನ್‌ನಲ್ಲಿ ಇಂಥ ಏಳೆಂಟು ವಾರ ಸಿಕ್ಕರೆ ಟಿಪ್ಸ್ ಸಂಬಳವನ್ನೇ ಮೀರಿಸಬಹುದು. ಆದರೆ ಟಿಪ್ಸ್ ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಬೆನ್ನು ಮುರಿಯುವ ಹಾಗೆ ದುಡಿದ ವಾರದ ಕೊನೆಗೆ ಬರೀ ಥ್ಯಾಂಕ್ಸ್ ಹೇಳಿ ಇಳಿದು ಹೋಗುವವರೂ ಇದ್ದಾರೆ. ಕೈಗೆ ಬರುವ ಮೊದಲೇ ಟಿಪ್ಸ್ ದುಡ್ಡನ್ನು ಸಾಲದ ಕಂತಿಗೆ ಲೆಕ್ಕ ಹಾಕಬೇಡಿ.

ಸರಿ, ಅಷ್ಟು ದುಡ್ಡಿಗೆ ಮಾಡುವ ಕೆಲಸ ಏನು? ಒಂದೇ ಮಾತಿನಲ್ಲಿ ಹೇಳುವುದಾದರೆ, ತೊಳೆಯುವುದು ಮತ್ತು ಒರೆಸುವುದು. ಉಪ್ಪು ನೀರು ಯಾವುದನ್ನೂ ಬಿಡುವುದಿಲ್ಲ. ಸ್ಟೀಲ್ ಕಂಬಿಗೆ ಒಂದೇ ದಿನದಲ್ಲಿ ಕಂದು ಚುಕ್ಕೆ ಬೀಳುತ್ತದೆ, ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಅದಕ್ಕೇ ಡೆಕ್‌ನವರು ಬೆಳಕು ಹರಿಯುವ ಮೊದಲೇ ಎದ್ದು ಇಡೀ ಹಡಗನ್ನು ಸಿಹಿ ನೀರಿನಲ್ಲಿ ತೊಳೆದು, ಒಂದು ಹನಿ ನೀರೂ ಅಲ್ಲೇ ಒಣಗಿ ಕಲೆಯಾಗದ ಹಾಗೆ ಬಟ್ಟೆಯಿಂದ ಒರೆಸಿ ಮುಗಿಸಬೇಕು. ಆಮೇಲೆ ಚಿಕ್ಕ ದೋಣಿ, ಜೆಟ್ ಸ್ಕೀ ನೀರಿಗಿಳಿಸುವುದು, ಅತಿಥಿಗಳನ್ನು ದಡಕ್ಕೆ ಕರೆದುಕೊಂಡು ಹೋಗಿ ಬರುವುದು, ಹಗ್ಗ, ಲಂಗರು, ಪಾಲಿಶ್. ಒಳಗೆ ಕೆಲಸ ಮಾಡುವವರದ್ದು ಇನ್ನೂ ಸೂಕ್ಷ್ಮ. ಹಾಸಿಗೆಯ ಹೊದಿಕೆಯನ್ನು ಹಾಸಿದ ಮೇಲೆ ಹಾಸಿಗೆಯಲ್ಲೇ ಇಸ್ತ್ರಿ ಮಾಡುತ್ತಾರೆ. ನಲ್ಲಿಯ ಬುಡ, ಕಿಟಕಿಯ ಮೂಲೆ ಇದನ್ನೆಲ್ಲ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಉಜ್ಜುತ್ತಾರೆ. ಅತಿಥಿ ಬಾತ್‌ರೂಮಿಗೆ ಹೋಗಿ ಬಂದರೆ ಸಾಕು, ಹಿಂದೆಯೇ ಯಾರಾದರೂ ಹೋಗಿ ಸಿಂಕ್ ಒರೆಸಿ, ಟವೆಲ್ ಬದಲಿಸಿ ಬರಬೇಕು. ಮೂರು ಹೊತ್ತಿನ ಊಟ, ಪ್ರತಿ ಊಟಕ್ಕೂ ಬೇರೆ ಬೇರೆ ಟೇಬಲ್ ಅಲಂಕಾರ, ಮಧ್ಯೆ ರಾಶಿ ಬಟ್ಟೆ ಒಗೆತ.

ಮನೆಯಲ್ಲಿ ಮದುವೆ ನಡೆಸಿದವರಿಗೆ ಆ ಎರಡು ದಿನ ಹೇಗಿರುತ್ತದೆ ಅಂತ ಗೊತ್ತು. ನೆಂಟರು ಮಲಗುವವರೆಗೂ ನೀವು ಮಲಗುವ ಹಾಗಿಲ್ಲ, ಅವರು ಏಳುವ ಮೊದಲೇ ಕಾಫಿ ಆಗಿರಬೇಕು, ಮುಖದಲ್ಲಿ ಸಿಟ್ಟು ಕಾಣಬಾರದು. ಚಾರ್ಟರ್ ಅಂದರೆ ಅದೇ, ವಾರಗಟ್ಟಲೆ.

ಇಷ್ಟೊಂದು ದುಡಿಸಿಕೊಳ್ಳಲು ಕಾನೂನು ಬಿಡುತ್ತದಾ? ಇದು ಈ ಉದ್ಯೋಗದಲ್ಲಿ ಎಲ್ಲರೂ ಅರ್ಥ ಮಾಡಿಕೊಳ್ಳಲೇಬೇಕಾದ ಭಾಗ. ನಾವಿಕರ ಹಕ್ಕುಗಳಿಗೆ 2006ರ ಕಡಲ ಕಾರ್ಮಿಕ ಒಪ್ಪಂದ ಅಂತ ಒಂದಿದೆ. ಎಂಎಲ್‌ಸಿ ಅಂತ ಕರೆಯುತ್ತಾರೆ. 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಆ ಹತ್ತು ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡುವ ಹಾಗಿಲ್ಲ, ಅದರಲ್ಲಿ ಒಂದು ತುಂಡು ಆರು ಗಂಟೆಗಿಂತ ಕಡಿಮೆ ಇರಬಾರದು. ತಿಂಗಳಿಗೆ ಕನಿಷ್ಠ ಎರಡೂವರೆ ದಿನ ಸಂಬಳ ಸಹಿತ ರಜೆ. ಬರಹದಲ್ಲಿ ಒಪ್ಪಂದ. ಕೆಲಸ ಮುಗಿದಾಗ ಊರಿಗೆ ಕಳಿಸುವ ಖರ್ಚು ಮಾಲೀಕರದು.

ಓದಲು ಚೆನ್ನಾಗಿದೆ. ಆದರೆ ಇದು ಕಡ್ಡಾಯವಾಗಿ ಅನ್ವಯಿಸುವುದು ವಾಣಿಜ್ಯ ಹಡಗುಗಳಿಗೆ. ಚಾರ್ಟರ್ ಯಾಟ್ ಅಂದರೆ ವಾಣಿಜ್ಯ, ಹಾಗಾಗಿ ಅದಕ್ಕೆ ಅನ್ವಯಿಸುತ್ತದೆ. ಬಾಡಿಗೆಗೆ ಬಿಡದ ಪ್ರೈವೇಟ್ ಯಾಟ್ ಇದರ ಹೊರಗೆ ಉಳಿದುಬಿಡುತ್ತದೆ. ಒಳ್ಳೆಯ ಮಾಲೀಕರು ತಾವಾಗಿಯೇ ಅದನ್ನು ಪಾಲಿಸುತ್ತಾರೆ, ಅಷ್ಟೇ. ಇನ್ನೊಂದು ವಿಷಯ, ಹಡಗಿನ ಮೇಲೆ ನಡೆಯುವುದು ಬಾವುಟದ ದೇಶದ ಕಾನೂನು. ಮಾಲೀಕರು ಅಮೆರಿಕದವರು, ಹಡಗು ನಿಂತಿರುವುದು ಇಟಲಿಯಲ್ಲಿ, ಕೆಲಸ ಮಾಡುವವರು ದಕ್ಷಿಣ ಆಫ್ರಿಕಾದವರು, ಬಾವುಟ ಮಾತ್ರ ಕೇಮನ್ ದ್ವೀಪದ್ದೋ ಮಾರ್ಷಲ್ ದ್ವೀಪದ್ದೋ ಮಾಲ್ಟಾದ್ದೋ ಆಗಿರುತ್ತದೆ. ಜಗಳ ಬಂದರೆ ಯಾವ ಕೋರ್ಟಿಗೆ ಹೋಗಬೇಕು ಅನ್ನುವುದೇ ಇಪ್ಪತ್ತೆರಡರ ಹುಡುಗಿಗೆ ಗೊತ್ತಿರುವುದಿಲ್ಲ.

ಚಾರ್ಟರ್ ಯಾಟ್‌ಗಳಲ್ಲೂ ವಿಶ್ರಾಂತಿಯ ಗಂಟೆಗಳನ್ನು ದಾಖಲೆಯಲ್ಲಿ ಸರಿಯಾಗಿ ತೋರಿಸಿ, ನಿಜದಲ್ಲಿ ಹದಿನಾರು, ಹದಿನೆಂಟು ಗಂಟೆ ದುಡಿಸುವುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ತಿಂಗಳ ಕೊನೆಗೆ ಹಾಳೆ ಮುಂದಿಡುತ್ತಾರೆ, ಸಹಿ ಹಾಕಬೇಕು. ಹಾಕಲ್ಲ ಅಂದರೆ ಮುಂದಿನ ಬಂದರಿನಲ್ಲಿ ಇಳಿಸಬಹುದು ಅನ್ನುವ ಹೆದರಿಕೆ. ಇದು ಬರೀ ಅನ್ಯಾಯದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ನಿದ್ದೆಗೆಟ್ಟವರು ಕ್ರೇನ್ ಆಡಿಸುತ್ತಾರೆ, ರಾತ್ರಿ ದೋಣಿ ಓಡಿಸುತ್ತಾರೆ, ಹಡಗಿನ ಅಂಚಿಗೆ ಜೋತುಬಿದ್ದು ಗಾಜು ಒರೆಸುತ್ತಾರೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಜಾಸ್ತಿ ಸಿಟ್ಟು ಬರುವುದು ಈ ಸುಳ್ಳು ಹಾಳೆಗಳ ಬಗ್ಗೆ. ಇನ್ನಿಬ್ಬರು ಸಿಬ್ಬಂದಿಯನ್ನು ಇಟ್ಟುಕೊಂಡರೆ ಮುಗಿಯುವ ಸಮಸ್ಯೆ ಇದು. ಒಂದು ಯಾಟ್‌ಗೆ ವರ್ಷಕ್ಕೆ ಆಗುವ ಖರ್ಚಿನ ಮುಂದೆ ಎರಡು ಸಂಬಳ ಯಾವ ಲೆಕ್ಕ?

ಇನ್ನು ಇರುವ ಜಾಗ. ಅತಿಥಿಗಳ ಕೋಣೆಗಳಿಗೆ ಅಮೃತಶಿಲೆ ಹಾಕಿರುತ್ತಾರೆ. ಸಿಬ್ಬಂದಿಯ ಕ್ಯಾಬಿನ್ ಸಾಮಾನ್ಯವಾಗಿ ಕೆಳಗೆ, ಮೂತಿಯ ಕಡೆ, ಅಂದರೆ ಅಲೆ ಬಂದಾಗ ಜಾಸ್ತಿ ಎತ್ತಿಹಾಕುವ ಜಾಗದಲ್ಲಿ. ಇಬ್ಬರಿಗೆ ಒಂದು ಕ್ಯಾಬಿನ್, ಮೇಲೊಂದು ಕೆಳಗೊಂದು ಮಂಚ, ನಿಲ್ಲಲು ಒಬ್ಬರಿಗೇ ಜಾಗ. ನಿಮ್ಮ ಮೇಲಿನ ಮಂಚದಲ್ಲಿ ಮಲಗುವವರನ್ನು ನೀವು ಆರಿಸಿಕೊಳ್ಳುವುದಿಲ್ಲ. ಅವರ ಜೊತೆ ಕೆಲಸ, ಅವರ ಜೊತೆ ಊಟ, ಅವರ ಗೊರಕೆ. ಬೇಜಾರಾಯಿತು ಅಂತ ಬಾಗಿಲು ಹಾಕಿಕೊಂಡು ಒಂದು ಗಂಟೆ ಒಬ್ಬರೇ ಕೂರುತ್ತೇನೆ ಅಂದರೆ ಅಂಥ ಬಾಗಿಲೇ ಹಡಗಿನಲ್ಲಿ ಇಲ್ಲ. ಖರ್ಚಿಲ್ಲದೆ ದುಡ್ಡು ಉಳಿಯುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಕೊಡುವ ಬೆಲೆ ಇದು. ಸಂಬಳ ಬರುವುದು ಎಂಟು ಗಂಟೆಯ ದುಡಿಮೆಗಲ್ಲ, ಆ ಹಡಗಿನಲ್ಲಿ ಇರುವಷ್ಟು ಹೊತ್ತಿಗೂ.

ಚಿಕ್ಕ ಜಾಗ, ದಣಿದ ಜನ, ಒಬ್ಬರ ಕೈಯಲ್ಲಿ ಪೂರ್ತಿ ಅಧಿಕಾರ. ಇವು ಮೂರೂ ಸೇರಿದ ಕಡೆ ಏನು ಆಗಬಹುದೋ ಅದು ಇಲ್ಲೂ ಆಗುತ್ತದೆ. ಹೆಣ್ಣುಮಕ್ಕಳಿಗೆ ಕಿರುಕುಳ, ಅತಿಥಿಗಳಿಂದಲೂ, ಜೊತೆಗಾರರಿಂದಲೂ. ದೂರು ಕೊಡಬೇಕಾದ್ದು ಕ್ಯಾಪ್ಟನ್‌ಗೆ. ಕ್ಯಾಪ್ಟನ್ನೇ ಕಾರಣ ಆಗಿದ್ದರೆ? ಎಂಎಲ್‌ಸಿ ಪ್ರಕಾರ ಹಡಗಿನ ಹೊರಗೆ, ಬಾವುಟದ ದೇಶಕ್ಕೆ ಅಥವಾ ಬಂದರಿನ ಅಧಿಕಾರಿಗಳಿಗೆ ನೇರವಾಗಿ ದೂರು ಕೊಡಬಹುದು. ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಬಯೋಡೇಟಾದಲ್ಲಿ ಫೋಟೊ ಕೇಳುವ, ಮುಖ, ಮೈಕಟ್ಟು, ವಯಸ್ಸು, ಬಣ್ಣ ನೋಡಿ ಆರಿಸುವ ಉದ್ಯಮ ಇದು ಅನ್ನುವುದನ್ನೂ ಮರೆಯಬಾರದು. ಮನಸ್ಸು ಕುಗ್ಗಿದಾಗ ಮಾತಾಡಲು ಐಸ್ವಾನ್ ಅನ್ನುವ ನಾವಿಕರ ಕ್ಷೇಮ ಸಂಸ್ಥೆ 2020ರಲ್ಲಿ ಯಾಟ್ ಕ್ರೂ ಹೆಲ್ಪ್ ಅಂತ ಒಂದು ಉಚಿತ ಸಹಾಯವಾಣಿ ಶುರು ಮಾಡಿದೆ. ದಿನದ 24 ಗಂಟೆಯೂ ತೆರೆದಿರುತ್ತದೆ. ಹೋಗುವ ಮೊದಲೇ ಫೋನಿನಲ್ಲಿ ಆ ನಂಬರ್ ಸೇವ್ ಮಾಡಿಕೊಳ್ಳಿ. ನಾಟಿಲಸ್ ಇಂಟರ್‌ನ್ಯಾಷನಲ್ ಅನ್ನುವ ಯೂನಿಯನ್ ಕೂಡ ಯಾಟ್ ಸಿಬ್ಬಂದಿಯನ್ನು ಸೇರಿಸಿಕೊಳ್ಳುತ್ತದೆ.

ಊರು ನೋಡುವ ಆಸೆಯ ಬಗ್ಗೆ ಒಂದು ಮಾತು. ಯಾಟ್‌ಗಳ ವರ್ಷ ಎರಡು ಭಾಗ. ಮೇನಲ್ಲಿ ಕಾನ್ ಸಿನಿಮೋತ್ಸವದ ಹೊತ್ತಿಗೆ ಮೆಡಿಟರೇನಿಯನ್ ಸೀಸನ್ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ನವೆಂಬರ್ ಹೊತ್ತಿಗೆ ಅಟ್ಲಾಂಟಿಕ್ ದಾಟಿ ಆಂಟಿಗುವಾ, ಸೇಂಟ್ ಮಾರ್ಟಿನ್ ಕಡೆ ಹೋದರೆ ಏಪ್ರಿಲ್‌ವರೆಗೆ ಅಲ್ಲಿ. ಹೆಸರು ಕೇಳಿದರೆ ಆಸೆಯಾಗುತ್ತದೆ. ಆದರೆ ಕಾಪ್ರಿ ದ್ವೀಪದ ಮುಂದೆ ಲಂಗರು ಹಾಕಿದಾಗ ದ್ವೀಪಕ್ಕೆ ಹೋಗುವುದು ಅತಿಥಿಗಳು. ನೀವು ಅವರ ಟವೆಲ್ ಮಡಚುತ್ತಿರುತ್ತೀರಿ. ಒಂದು ಅಪವಾದ ಇದೆ. ಅಟ್ಲಾಂಟಿಕ್ ದಾಟುವ ಆ ಎರಡು ವಾರ ಹೆಚ್ಚಾಗಿ ಅತಿಥಿಗಳೇ ಇರುವುದಿಲ್ಲ. ಸರದಿಯ ಕಾವಲು, ಮಿಕ್ಕ ಹೊತ್ತು ಸಮುದ್ರ, ರಾತ್ರಿ ಬೆಳಕಿನ ಸೋಂಕಿಲ್ಲದ ಆಕಾಶ. ಈ ಕೆಲಸ ಬಿಟ್ಟುಬಂದ ಎಷ್ಟೋ ಜನ ನೆನಪಿಟ್ಟುಕೊಳ್ಳುವುದು ಇದನ್ನೇ.

ಮೇಲೆ ಹೋಗುವ ದಾರಿಯೂ ನಿಜವಾದದ್ದು. ಶುರು ಮಾಡಲು ಮುಖ್ಯವಾಗಿ ಬೇಕಾದ್ದು ಎರಡು ಕಾಗದ. ಎಸ್‌ಟಿಸಿಡಬ್ಲ್ಯು ಪ್ರಾಥಮಿಕ ತರಬೇತಿ, ಅಂದರೆ ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಸುರಕ್ಷತೆ. ಇನ್ನೊಂದು ನಾವಿಕರ ವೈದ್ಯಕೀಯ ಸರ್ಟಿಫಿಕೇಟ್. ಯಾಟ್‌ಗಳಲ್ಲಿ ಸಾಮಾನ್ಯವಾಗಿ ಬ್ರಿಟನ್ನಿನ ಇಎನ್‌ಜಿ1 ಕೇಳುತ್ತಾರೆ. ಆಮೇಲೆ ಸಮುದ್ರದಲ್ಲಿ ಕಳೆದ ದಿನಗಳನ್ನು ದಾಖಲಿಸುತ್ತಾ, ಯಾಟ್‌ಮಾಸ್ಟರ್ ಪರೀಕ್ಷೆ, ಅಧಿಕಾರಿ ಪರೀಕ್ಷೆ ಅಂತ ಒಂದೊಂದೇ ಮೆಟ್ಟಿಲು ಹತ್ತಬಹುದು. ಬಕೆಟ್ ಹಿಡಿದು ಶುರು ಮಾಡಿದವರು ಕ್ಯಾಪ್ಟನ್ ಆಗಿದ್ದಾರೆ. ಇದಕ್ಕೆ ಕಾಲೇಜಿನ ಡಿಗ್ರಿ ಬೇಕಿಲ್ಲ. ಎಂಜಿನಿಯರ್ ಆಗಿ ಬೆಳೆದವರಿಗೆ ಇನ್ನೂ ಒಳ್ಳೆಯದು, ಯಾಕೆಂದರೆ ಎರಡು ತಿಂಗಳು ಕೆಲಸ, ಎರಡು ತಿಂಗಳು ಸಂಬಳ ಸಹಿತ ಮನೆ ಅನ್ನುವ ರೊಟೇಷನ್ ವ್ಯವಸ್ಥೆ ಮೊದಲು ಸಿಗುವುದು ಅವರಿಗೆ ಮತ್ತು ಕ್ಯಾಪ್ಟನ್‌ಗಳಿಗೆ. ಮದುವೆ, ಮಕ್ಕಳು ಅಂತ ಬಯಸುವವರು ಈ ಕೆಲಸದಲ್ಲಿ ಉಳಿಯಲು ರೊಟೇಷನ್ ಒಂದೇ ದಾರಿ. ಕೆಳಗಿನ ಹುದ್ದೆಯವರಿಗೆ ಅದು ಅಪರೂಪ, ಹಾಗಾಗಿ ಹೆಚ್ಚಿನವರು ಕೆಲವೇ ವರ್ಷದಲ್ಲಿ ಬಿಟ್ಟುಬಿಡುತ್ತಾರೆ.

ಕೆಲಸ ಎಷ್ಟು ಭದ್ರ? ಮಾಲೀಕರ ಮನಸ್ಸು ಇರುವಷ್ಟು. ಯಾಟ್ ಮಾರಿಬಿಟ್ಟರೆ ಮುಗಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯದ ಶ್ರೀಮಂತರ ಮೇಲೆ ನಿರ್ಬಂಧ ಬಿದ್ದಾಗ ಇದು ಎಲ್ಲರಿಗೂ ಕಂಡಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ದುರಸ್ತಿಗೆ ನಿಂತಿದ್ದ 156 ಮೀಟರ್‌ನ ದಿಲ್ಬಾರ್ ಯಾಟ್‌ನಲ್ಲಿ, ನಿರ್ಬಂಧದಿಂದ ಸಂಬಳ ಕೊಡುವುದೇ ಸಾಧ್ಯವಾಗದೆ, ನೂರರ ಹತ್ತಿರ ಸಿಬ್ಬಂದಿ ಕೆಲಸ ಕಳೆದುಕೊಂಡರು. ಅದೇ ವರ್ಷ ಆಂಟಿಗುವಾದ ಫಾಲ್ಮತ್ ಬಂದರಿನಲ್ಲಿ ಅಲ್ಫಾ ನೀರೊ ಅನ್ನುವ ಯಾಟ್ ಕೇಳುವವರಿಲ್ಲದೆ ನಿಂತುಬಿಟ್ಟಿತು. ಬೆರಳೆಣಿಕೆಯ ಸಿಬ್ಬಂದಿ ಅದನ್ನು ನೋಡಿಕೊಂಡು ಉಳಿದರು. ಕೊನೆಗೆ 2024ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಾಲ್ಕು ಕೋಟಿ ಡಾಲರ್‌ಗೆ ಮಾರಿತು. ಇಂಥ ಹೊತ್ತಿಗೆ ಒಂದು ಕಾನೂನು ನಾವಿಕರ ಕೈ ಹಿಡಿಯುತ್ತದೆ. ಬಾಕಿ ಸಂಬಳಕ್ಕೆ ಹಡಗೇ ಅಡಮಾನ ಇದ್ದಂತೆ. ಕೋರ್ಟಿನಿಂದ ಹಡಗನ್ನು ಹಿಡಿಸಿ, ಮಾರಿಸಿ, ಬಂದ ದುಡ್ಡಿನಲ್ಲಿ ಬ್ಯಾಂಕಿನ ಸಾಲಕ್ಕಿಂತ ಮೊದಲು ಸಂಬಳ ಪಡೆಯುವ ಹಕ್ಕು ಹೆಚ್ಚಿನ ದೇಶಗಳಲ್ಲಿದೆ. ಎಂಎಲ್‌ಸಿ ಅಡಿ ಇರುವ ಯಾಟ್ ಆದರೆ ಕೈಬಿಟ್ಟ ನಾವಿಕರಿಗೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಹೋಗುವ ಖರ್ಚಿಗೆ ವಿಮೆ ಅಥವಾ ಅಂಥದ್ದೇ ಹಣಕಾಸಿನ ಭದ್ರತೆ ಇರಲೇಬೇಕು.

ಸಮುದ್ರ ಅಂದ ಮೇಲೆ ಅಪಾಯವೂ ಇದೆ. 2024ರ ಆಗಸ್ಟ್ 19ರ ನಸುಕಿನಲ್ಲಿ ಸಿಸಿಲಿಯ ಪೋರ್ಟಿಚೆಲ್ಲೊ ಬಳಿ ಲಂಗರು ಹಾಕಿದ್ದ 56 ಮೀಟರ್‌ನ ಬೇಸಿಯನ್ ಯಾಟ್ ಬಿರುಗಾಳಿಗೆ ಸಿಕ್ಕಿ ಕೆಲವೇ ನಿಮಿಷದಲ್ಲಿ ಮುಳುಗಿತು. ಇದ್ದ 22 ಜನರಲ್ಲಿ ಏಳು ಜನರ ಜೀವ ಹೋಯಿತು. ಅವರಲ್ಲಿ ಒಬ್ಬರು ಆ ಹಡಗಿನ ಅಡುಗೆಯವರು. ತರಬೇತಿ ಬರೀ ಸರ್ಟಿಫಿಕೇಟಿಗೆ ಅಂತ ನಿದ್ದೆ ಮಾಡುತ್ತಾ ಕೂರುವವರು ಇದನ್ನು ಓದಬೇಕು.

ನಮ್ಮವರಿಗೆ ಇಲ್ಲಿ ಅವಕಾಶ ಇದೆಯಾ? ಮಂಗಳೂರು, ಉಡುಪಿ ಕಡೆ ಕ್ರೂಸ್ ಹಡಗಿಗೆ, ಸರಕು ಹಡಗಿಗೆ ಹೋದವರು ಇರುವ ಮನೆಗಳು ಬೇಕಾದಷ್ಟಿವೆ. ಆದರೆ ಯಾಟ್‌ನಲ್ಲಿ ಭಾರತೀಯರು ಕಡಿಮೆ. ಕಾರಣ ವೀಸಾ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ದಕ್ಷಿಣ ಆಫ್ರಿಕಾದವರಿಗೂ ಯುರೋಪಿಗೆ ಷೆಂಗೆನ್ ವೀಸಾ ಬೇಕು, ಆದರೂ ಯಾಟ್‌ಗಳ ತುಂಬ ಅವರೇ ಇದ್ದಾರೆ. ಅವರಿಗಿರುವುದು ಮೊದಲು ಹೋದವರ ಪರಿಚಯ. ಒಬ್ಬ ಬೋಸನ್ (ಡೆಕ್ ಕೆಲಸದವರ ಮುಖ್ಯಸ್ಥ) ತನ್ನ ಊರಿನ ಹುಡುಗನನ್ನು ಕರೆಸಿಕೊಳ್ಳುತ್ತಾನೆ, ಅವನು ಇನ್ನೊಬ್ಬನನ್ನು. ನಮಗೆ ಆ ಸರಪಳಿ ಇನ್ನೂ ಬೆಳೆದಿಲ್ಲ. ಟೂರಿಸ್ಟ್ ವೀಸಾದಲ್ಲಿ ಆಂಟೀಬ್‌ಗೆ ಹೋಗಿ ದಿನಗೂಲಿ ಮಾಡುವುದಂತೂ ಬೇಡವೇ ಬೇಡ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಮುಂದಿನ ವೀಸಾಗಳೂ ಕೆಡುತ್ತವೆ. ಕ್ರೂಸ್ ಹಡಗಿನಲ್ಲಿ ಅಡುಗೆ ಅಥವಾ ಹೌಸ್‌ಕೀಪಿಂಗ್ ಮಾಡಿ, ಕಾಗದಪತ್ರ ಸರಿಯಾಗಿ ಇಟ್ಟುಕೊಂಡು, ಆ ಅನುಭವದ ಮೇಲೆ ಏಜೆನ್ಸಿಗಳ ಮೂಲಕ ಯಾಟ್‌ಗೆ ಪ್ರಯತ್ನಿಸುವುದೇ ಸರಿ. ಒಳ್ಳೆಯ ಅಡುಗೆಯವರಿಗೆ ಯಾವಾಗಲೂ ಬೇಡಿಕೆ ಇದೆ. ದುಬೈ ಮರೀನಾದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಓಡುವ ಯಾಟ್‌ಗಳಲ್ಲಿ ಭಾರತೀಯರು, ಫಿಲಿಪೈನ್ಸ್‌ನವರು ಇದ್ದಾರೆ. ಸಂಬಳ ಯುರೋಪಿನಷ್ಟಿಲ್ಲ, ಆದರೆ ಕೆಲಸ ಕಲಿಯಲು ಅದೂ ಒಂದು ಜಾಗ.

ಏಜೆಂಟರ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಎಂಎಲ್‌ಸಿ ಪ್ರಕಾರ ಕೆಲಸ ಕೊಡಿಸಲು ನಾವಿಕರಿಂದ ಒಂದು ರೂಪಾಯಿ ತೆಗೆದುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ಮೆಡಿಕಲ್ ಇವುಗಳ ಖರ್ಚು ನಿಮ್ಮದು, ಅಷ್ಟೇ. ಭಾರತದಲ್ಲಿ ನಾವಿಕರನ್ನು ಕಳಿಸುವ ಸಂಸ್ಥೆಗೆ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ವಿಭಾಗ) ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು, ಅದು ಇದೆಯಾ ಅಂತ ಅವರ ವೆಬ್‌ಸೈಟ್‌ನಲ್ಲೇ ನೋಡಬಹುದು. ಮೊನಾಕೊ ಯಾಟ್‌ನಲ್ಲಿ ಕೆಲಸ ಪಕ್ಕಾ, ವೀಸಾಗೆ ಮೂರು ಲಕ್ಷ ಕಟ್ಟಿ ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಕೇಳಿದರೆ ಅಲ್ಲಿಗೇ ಬ್ಲಾಕ್ ಮಾಡಿ. ಒಪ್ಪಂದ ಕೈಗೆ ಬಂದಾಗ ನೋಡಬೇಕಾದ್ದು ಬಾವುಟ ಯಾವುದು, ಪ್ರೈವೇಟೋ ಚಾರ್ಟರೋ, ರಜೆ ಎಷ್ಟು, ಟಿಕೆಟ್ ಯಾರದು, ನೋಟಿಸ್ ಎಷ್ಟು ದಿನ. ಎಂಎಲ್‌ಸಿ ಅಡಿಯಲ್ಲಿ ನೋಟಿಸ್ ಏಳು ದಿನಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಇನ್ನು ತೆರಿಗೆ. ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದು ಅನಿವಾಸಿ ಅನಿಸಿಕೊಂಡ ನಾವಿಕರ ವಿದೇಶಿ ಹಡಗಿನ ಸಂಬಳಕ್ಕೆ, ಅದು ಇಲ್ಲಿನ ಎನ್‌ಆರ್‌ಇ ಖಾತೆಗೆ (ಅನಿವಾಸಿಗಳ ಬ್ಯಾಂಕ್ ಖಾತೆ) ಬಂತು ಅನ್ನುವ ಒಂದೇ ಕಾರಣಕ್ಕೆ ತೆರಿಗೆ ಹಾಕುವಂತಿಲ್ಲ ಅಂತ 2017ರಲ್ಲಿ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ ಹೊರಡಿಸಿದೆ. ದಿನಗಳ ಲೆಕ್ಕಕ್ಕೆ ಪಾಸ್‌ಪೋರ್ಟಿನ ಮುದ್ರೆಗಳು ಮುಖ್ಯ ಆಧಾರ, ಹಾಗಾಗಿ ಪ್ರತಿ ಸಲ ಹೋಗಿ ಬಂದಾಗ ಆ ಪುಟಗಳ ಫೋಟೊ ತೆಗೆದಿಟ್ಟುಕೊಂಡು, ಮೊದಲ ವರ್ಷದಿಂದಲೇ ನಾವಿಕರ ಲೆಕ್ಕ ಗೊತ್ತಿರುವ ಸಿಎ ಹತ್ತಿರ ಹೋಗಿ.